ಸಂಖ್ಯೆ ಹೇಳಿದರೆ ತೆರೆಯುವ ಬಾಗಿಲು

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಿಮಗೆ ಗೊತ್ತಿರುತ್ತದೆ. ಸುಂಕದ ಕಟ್ಟೆಯಲ್ಲಿ ಕುಳಿತವನಿಗೆ ಬೇಕಾದದ್ದು ಸುಂಕ ಮಾತ್ರ. ಬಂದವರ ಕಥೆ ಅವನಿಗೆ ಬೇಡ. ಇಂದು ಆ ಕಟ್ಟೆಯ ಮೇಲೆ ಮನುಷ್ಯನ ಬದಲು ಆಂಟೆನಾ ಕುಳಿತಿದೆ. ಅದು ಕೇಳಿಸಿಕೊಳ್ಳುವುದು ಒಂದೇ ಒಂದು ವಿಷಯವನ್ನು. ಅದೆಂದರೆ ಒಂದು ಸಂಖ್ಯೆ.

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಿಂದ ಬೆಂಗಳೂರಿನ ಬಂಧುಗಳ ಮನೆಗೆ ನೀವು ಕಾರಿನಲ್ಲಿ ಹೊರಟಿದ್ದೀರಿ ಎಂದಿಟ್ಟುಕೊಳ್ಳೋಣ. ಚನ್ನಪಟ್ಟಣ ಸೇರಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಹಿಡಿಯುತ್ತೀರಿ. ಈ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಎರಡು ದಿನಗಳ ನಂತರ ಬಿಡದಿಯ ಆಸುಪಾಸಿನ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯಲ್ಲಿ ಸುಂಕ ವಸೂಲಿ ಆರಂಭವಾಯಿತು. ಅಲ್ಲಿ ನಿಮ್ಮ ಕಾರಿನ ಮುಂಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಚೀಟಿ ತನ್ನ ಸಂಖ್ಯೆಯನ್ನು ಹೇಳುತ್ತದೆ, ಅಡ್ಡಗೋಲು ಮೇಲೇಳುತ್ತದೆ. ಮುಂದೆ ಬಂಧುಗಳ ವಸತಿ ಸಮುಚ್ಚಯದ ಗೇಟು. ಅಲ್ಲಿಯೂ ಅಂಥದ್ದೇ ಅಡ್ಡಗೋಲು. ನಿಮ್ಮ ಮುಂದಿದ್ದ ಕಾರು ನಿಲ್ಲದೆ ಒಳಗೆ ಹೋಗುತ್ತದೆ. ನಿಮ್ಮ ಕಾರನ್ನು ಮಾತ್ರ ಕಾವಲುಗಾರ ತಡೆದು ಹೆಸರು, ಮೊಬೈಲ್ ಸಂಖ್ಯೆ, ಹೋಗಬೇಕಾದ ಮನೆ ಎಲ್ಲವನ್ನೂ ಬರೆದುಕೊಳ್ಳುತ್ತಾನೆ.

ಎರಡು ಗೇಟುಗಳಲ್ಲೂ ಇರುವುದು ಒಂದೇ ಭೌತವಿಜ್ಞಾನ. ಅದರ ಚರಿತ್ರೆಯನ್ನು ತಿಳಿದರೆ ಈ ಗೇಟುಗಳು ಏನನ್ನು ಬಲ್ಲವು, ಏನನ್ನು ಅರಿಯವು ಎಂಬುದೂ ತಿಳಿಯುತ್ತದೆ.

ಬೀಗದಿಂದ ಪಟ್ಟಿಗೆ

ಬೀಗದ ಕೈ ಎಂದರೆ ಒಂದು ಆಕಾರ. ಕೈಯ ಹಲ್ಲುಗಳು ಬೀಗದ ಒಳಗಿನ ಬಿಡಿಭಾಗಗಳಿಗೆ ಹೊಂದಿದರೆ ಬಾಗಿಲು ತೆರೆಯುತ್ತದೆ. ಇಂಗ್ಲೆಂಡಿನ ಜೋಸೆಫ್ ಬ್ರಾಮ ತಾನು ತಯಾರಿಸಿದ ಬೀಗವೊಂದನ್ನು ಲಂಡನ್ನಿನ ತನ್ನ ಅಂಗಡಿಯ ಮುಂದಿಟ್ಟು, ಅದನ್ನು ತೆರೆದವರಿಗೆ ಬಹುಮಾನ ಕೊಡುವುದಾಗಿ ಸಾರಿದ್ದ. ಹಲವು ದಶಕಗಳ ಕಾಲ ಅದು ಯಾರಿಗೂ ಬಗ್ಗಲಿಲ್ಲ. 1851ರ ಮಹಾ ಪ್ರದರ್ಶನದ ಸಮಯದಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಹಲವು ದಿನ ಹೆಣಗಿ ಅದನ್ನು ತೆರೆದ. ಒಡೆಯಲಾಗದ ಬೀಗವಿಲ್ಲ ಎಂಬ ಪಾಠವನ್ನು ಜಗತ್ತು ಅಂದೇ ಕಲಿಯಿತು.

ವಸತಿ ಸಮುಚ್ಚಯಕ್ಕೆ ಬೀಗ ಒಗ್ಗದಿರಲು ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ 1972ರದು. ಅದರ ಪ್ರಕಾರ ಪ್ರವೇಶದ್ವಾರ, ಮೆಟ್ಟಿಲು, ಲಿಫ್ಟ್, ನೆಲಮಾಳಿಗೆ, ವಾಹನ ನಿಲುಗಡೆಯ ಜಾಗ ಇವು ಮನೆಗಳೆಲ್ಲಕ್ಕೂ ಸೇರಿದ ಸಾಮಾನ್ಯ ಪ್ರದೇಶಗಳು. ಗೇಟು ಯಾರೊಬ್ಬರದೂ ಅಲ್ಲ, ಎಲ್ಲರದು. ಇನ್ನೂರು ಮನೆಗಳಿಗೆ ಇನ್ನೂರು ಬೀಗದ ಕೈ ಕೊಟ್ಟಿರಿ ಎಂದುಕೊಳ್ಳಿ. ಒಂದು ಕಳೆದುಹೋದರೆ ಬೀಗವನ್ನೂ ಉಳಿದ 199 ಕೈಗಳನ್ನೂ ಬದಲಿಸಬೇಕು. ಬಾಡಿಗೆದಾರನೊಬ್ಬ ಮನೆ ಖಾಲಿ ಮಾಡಿದರೂ ಅದೇ ಪಾಡು. ಆಕಾರವನ್ನು ಹಿಂಪಡೆಯಲಾಗದು, ಅದರ ನಕಲನ್ನು ಹತ್ತು ನಿಮಿಷದಲ್ಲಿ ಮಾಡಿಸಬಹುದು.

ಬೀಗದ ಕೈಯ ಜಾಗದಲ್ಲಿ ಸಂಖ್ಯೆ ಬಂದರೆ ಈ ತೊಂದರೆ ತೀರುತ್ತದೆ. ಗೇಟಿನ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇದ್ದರೆ ಸಾಕು. ಪಟ್ಟಿಯಲ್ಲಿರುವ ಸಂಖ್ಯೆಗೆ ಗೇಟು ತೆರೆಯುತ್ತದೆ. ಕಾರ್ಡು ಕಳೆದರೆ ಆ ಒಂದು ಸಂಖ್ಯೆಯನ್ನು ಹೊಡೆದುಹಾಕಿದರಾಯಿತು. ಉಳಿದವರಿಗೆ ಅದು ಗೊತ್ತೂ ಆಗುವುದಿಲ್ಲ. ವಿದ್ಯುನ್ಮಾನ ಪ್ರವೇಶ ವ್ಯವಸ್ಥೆ ಗೆದ್ದದ್ದು ಅದು ಬೀಗಕ್ಕಿಂತ ಗಟ್ಟಿ ಎಂಬುದಕ್ಕಲ್ಲ, ಕೊಟ್ಟ ಹಕ್ಕನ್ನು ಸುಲಭವಾಗಿ ಹಿಂಪಡೆಯಬಹುದು ಎಂಬುದಕ್ಕೆ. ಈ ಮಾತನ್ನು ನೆನಪಿನಲ್ಲಿಡಿ.

ಲೋಹವನ್ನು ಅರಿಯುವ ಸುರುಳಿ

ಯಾವ ವಾಹನ ಎಂದು ಕೇಳುವ ಮೊದಲು ವಾಹನ ಬಂದಿದೆಯೇ ಎಂಬುದು ಗೇಟಿಗೆ ತಿಳಿಯಬೇಕು. ವಾಹನ ಇನ್ನೂ ಕೆಳಗಿರುವಾಗ ಅಡ್ಡಗೋಲು ಬೀಳಬಾರದು. ಈ ಕೆಲಸಕ್ಕೆ 1960ರ ದಶಕದಿಂದ ಬಳಕೆಯಲ್ಲಿರುವುದು ನೆಲದಲ್ಲಿ ಹೂತ ತಂತಿಯ ಸುರುಳಿ. ಗೇಟಿನ ಬಳಿ ನೆಲವನ್ನು ಆಯತಾಕಾರದಲ್ಲಿ ಕೊರೆದು ಡಾಂಬರು ತುಂಬಿದ ಗೆರೆಗಳನ್ನು ನೀವು ನೋಡಿರಬಹುದು. ಆ ಗೆರೆಗಳ ಕೆಳಗೆ ಇರುವುದು ಇದೇ ಸುರುಳಿ.

ಸುರುಳಿಯೂ ಒಂದು ಧಾರಕವೂ ಸೇರಿ ಆಂದೋಲಕವಾಗುತ್ತವೆ. ಅದರ ಆವೃತ್ತಿ ಹತ್ತಾರು ಕಿಲೋಹರ್ಟ್ಸ್. ಕಾರು ಮೇಲೆ ಬಂದಾಗ ಸುರುಳಿಯ ಬದಲಾಗುವ ಕಾಂತಕ್ಷೇತ್ರ ಕಾರಿನ ತಳದ ಲೋಹದಲ್ಲಿ ಸುಳಿ ಪ್ರವಾಹಗಳನ್ನು ಪ್ರೇರಿಸುತ್ತದೆ. ಲೆನ್ಜ್ ನಿಯಮದಂತೆ ಆ ಪ್ರವಾಹಗಳು ಮೂಲ ಕ್ಷೇತ್ರವನ್ನು ವಿರೋಧಿಸುತ್ತವೆ. ಇದರಿಂದ ಸುರುಳಿಯ ಪ್ರೇರಕತೆ ಕಡಿಮೆಯಾಗುತ್ತದೆ. ಆವೃತ್ತಿಯು ಪ್ರೇರಕತೆಯ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುವುದರಿಂದ, ಪ್ರೇರಕತೆ ಶೇಕಡಾ 2ರಷ್ಟು ಇಳಿದರೆ ಆವೃತ್ತಿ ಸುಮಾರು ಶೇಕಡಾ 1ರಷ್ಟು ಏರುತ್ತದೆ. ಎಣಿಕೆ ಮಂಡಲಕ್ಕೆ ಇಷ್ಟು ವ್ಯತ್ಯಾಸ ಧಾರಾಳವಾಗಿ ಸಾಕು.

ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಹೀಗೆ ಗೇಟಿನ ಕೆಳಗೆ ಹಗಲಿರುಳೂ ದುಡಿಯುತ್ತಿದೆ. ಲೋಹ ಕಡಿಮೆಯಿರುವ ದ್ವಿಚಕ್ರ ವಾಹನವನ್ನು ಇದು ಕೆಲವೊಮ್ಮೆ ಗಮನಿಸದೆ ಬಿಡುತ್ತದೆ. ತಂತಿ ಹೂತಿರುವ ಗೆರೆಯ ಮೇಲೆಯೇ ಬೈಕನ್ನು ನಿಲ್ಲಿಸಿದರೆ ಗೇಟಿಗೆ ಬೇಗ ತಿಳಿಯುತ್ತದೆ. ಕಾರಣವನ್ನು ವಿದ್ಯಾರ್ಥಿಗಳೇ ಊಹಿಸಲಿ.

ಪ್ರತಿಫಲನವೇ ಉತ್ತರ

ಸುರುಳಿಗೆ ಲೋಹ ಗೊತ್ತು, ಹೆಸರು ಗೊತ್ತಿಲ್ಲ. ಹೆಸರು ಹೇಳುವ ವಿದ್ಯೆ ಬಂದದ್ದು ಗೂಢಚರ್ಯೆಯ ದಾರಿಯಿಂದ.

1945ರ ಆಗಸ್ಟ್‌ನಲ್ಲಿ ಸೋವಿಯತ್ ಶಾಲಾಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯೊಂದನ್ನು ಕಾಣಿಕೆಯಾಗಿ ಕೊಟ್ಟರು. ರಾಯಭಾರಿಯ ನಿವಾಸದ ಗೋಡೆಯ ಮೇಲೆ ಅದು ಏಳು ವರ್ಷ ತೂಗಾಡಿತು. 1952ರಲ್ಲಿ ಅದರೊಳಗೆ ಸಿಕ್ಕಿದ್ದು ಲಿಯೊ ಥೆರೆಮಿನ್ ರೂಪಿಸಿದ ಕದ್ದಾಲಿಸುವ ಸಾಧನ. ಅದರಲ್ಲಿ ಬ್ಯಾಟರಿಯಿಲ್ಲ, ಹೊರಗಿನಿಂದ ತಂತಿಯೂ ಇಲ್ಲ. ಇದ್ದದ್ದು ತೆಳುಪೊರೆಯಿರುವ ಲೋಹದ ಅನುರಣನ ಕುಹರ ಮತ್ತು ಒಂದು ಆಂಟೆನಾ ಮಾತ್ರ. ಹೊರಗಿನಿಂದ ರೇಡಿಯೊ ತರಂಗ ಹಾಯಿಸಿದಾಗ, ಕೋಣೆಯ ಮಾತಿಗೆ ಪೊರೆ ಕಂಪಿಸಿ, ಮರಳುವ ತರಂಗದ ಮೇಲೆ ಆ ಮಾತು ಅಚ್ಚಾಗುತ್ತಿತ್ತು. ತನ್ನದೇ ಶಕ್ತಿಯಿಲ್ಲದ ವಸ್ತುವೊಂದು ಬಂದ ತರಂಗವನ್ನೇ ತಿದ್ದಿ ಹಿಂದಿರುಗಿಸಿ ಮಾತನಾಡಬಹುದು ಎಂಬುದು ಇದರ ತಿರುಳು.

ಈ ಸಾಧನ ಪತ್ತೆಯಾಗುವ ಮೊದಲೇ, 1948ರಲ್ಲಿ, ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ ಪ್ರತಿಫಲಿತ ಶಕ್ತಿಯಿಂದ ಸಂವಹನ ಸಾಧ್ಯ ಎಂಬ ಬಗ್ಗೆ ಪ್ರಬಂಧ ಪ್ರಕಟಿಸಿದ. ವಿಚಾರ ಸರಿಯಾಗಿತ್ತು, ಕಾಲ ಬಂದಿರಲಿಲ್ಲ. ಟ್ರಾನ್ಸಿಸ್ಟರ್ ಆಗಷ್ಟೇ ಹುಟ್ಟಿತ್ತು, ಅರೆವಾಹಕ ಚಿಪ್ ಹುಟ್ಟಿರಲಿಲ್ಲ.

1973ರಲ್ಲಿ ಎರಡು ಮುಖ್ಯ ಪೇಟೆಂಟ್‌ಗಳು ಬಂದವು. ಮಾರಿಯೊ ಕಾರ್ಡುಲ್ಲೊ ಸ್ಮರಣೆಯುಳ್ಳ ರೇಡಿಯೊ ಚೀಟಿಗೆ ಪೇಟೆಂಟ್ ಪಡೆದ. ಅದಕ್ಕೆ ಎರಡು ವರ್ಷ ಮೊದಲು ಅವನು ನ್ಯೂಯಾರ್ಕ್ ಬಂದರು ಪ್ರಾಧಿಕಾರಕ್ಕೆ ಅದನ್ನು ತೋರಿಸಿದ್ದು ಸುಂಕ ವಸೂಲಿಯ ಸಾಧನವಾಗಿ. ಕ್ಯಾಲಿಫೋರ್ನಿಯದ ಚಾರ್ಲ್ಸ್ ವಾಲ್ಟನ್ ಪೇಟೆಂಟ್ ಪಡೆದದ್ದು ಬ್ಯಾಟರಿಯಿಲ್ಲದ ಕಾರ್ಡಿಗೆ. ಅದನ್ನು ಬಾಗಿಲ ಬಳಿ ಹಿಡಿದರೆ ಬೀಗ ತೆರೆಯುತ್ತಿತ್ತು. ಕಾರ್ಡಿನಲ್ಲಿದ್ದ ಅನುರಣನ ಮಂಡಲಗಳು ನಿರ್ದಿಷ್ಟ ಆವೃತ್ತಿಗಳಲ್ಲಿ ಓದುಯಂತ್ರದ ಶಕ್ತಿಯನ್ನು ಹೀರುತ್ತಿದ್ದವು. ಯಾವ ಯಾವ ಆವೃತ್ತಿಯಲ್ಲಿ ಹೀರಿಕೆಯಾಯಿತು ಎಂಬುದೇ ಕಾರ್ಡಿನ ಗುರುತು. ಹೆದ್ದಾರಿಯ ಸುಂಕದ ಗೇಟು, ಮನೆಯ ಗೇಟು ಎರಡೂ ಹೀಗೆ ಒಂದೇ ವರ್ಷದ ಪೇಟೆಂಟ್‌ಗಳಿಂದ ಹೊರಟವು. 1975ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದ ಮೂವರು ವಿಜ್ಞಾನಿಗಳು ಹಿಮ್ಮುಖ ಚದರಿಕೆಯಿಂದ ಗುರುತಿಸುವ ವಿಧಾನವನ್ನು ವಿವರಿಸಿದರು. ಅವರ ಕೆಲಸಕ್ಕೆ ಒಂದು ಪ್ರೇರಣೆ ದನಗಳಿಗೆ ಗುರುತು ಹಾಕುವ ಅಗತ್ಯ. 1983ರಲ್ಲಿ ವಾಲ್ಟನ್‌ನ ಮತ್ತೊಂದು ಪೇಟೆಂಟ್‌ನಲ್ಲಿ ‘ಆರ್‌ಎಫ್‌ಐಡಿ’ ಎಂಬ ಸಂಕ್ಷಿಪ್ತ ಹೆಸರು ಕಾಣಿಸಿಕೊಂಡಿತು.

ಹತ್ತಿರದ ಕಾರ್ಡು, ದೂರದ ಚೀಟಿ

ಲಿಫ್ಟಿನ ಬಳಿ ತೋರಿಸುವ ಕಾರ್ಡನ್ನು ಓದುಯಂತ್ರಕ್ಕೆ ತಾಗುವಷ್ಟು ಹತ್ತಿರ ಹಿಡಿಯಬೇಕು. ಕಾರಿನ ಚೀಟಿಯನ್ನಾದರೋ ಹಲವು ಮೀಟರ್ ದೂರದಿಂದ ಓದಬಹುದು. ಏಕೆ?

ಕಾರ್ಡುಗಳಲ್ಲಿ ಒಂದು ಬಗೆ 125 ಕಿಲೋಹರ್ಟ್ಸ್ ಆವೃತ್ತಿಯದು, ಇನ್ನೊಂದು 13.56 ಮೆಗಾಹರ್ಟ್ಸ್‌ನದು. 2011ರ ಅಕ್ಟೋಬರ್ 20ರಂದು ಬೆಂಗಳೂರಿನಲ್ಲಿ ಓಡಾಟ ಆರಂಭಿಸಿದ ನಮ್ಮ ಮೆಟ್ರೊದ ಸ್ಮಾರ್ಟ್ ಕಾರ್ಡ್ ಎರಡನೆಯ ಬಗೆಯದು. ಇವುಗಳ ತರಂಗದೂರ ಕ್ರಮವಾಗಿ 2400 ಮೀಟರ್ ಮತ್ತು ಸುಮಾರು 22 ಮೀಟರ್. ಕಾರ್ಡು ಇರುವ ದೂರ ಇದರ ಮುಂದೆ ತೀರಾ ಚಿಕ್ಕದು. ಆದ್ದರಿಂದ ಇಲ್ಲಿ ತರಂಗದ ಮಾತೇ ಇಲ್ಲ. ಓದುಯಂತ್ರದ ಸುರುಳಿ ಮತ್ತು ಕಾರ್ಡಿನ ಸುರುಳಿ ಟ್ರಾನ್ಸ್‌ಫಾರ್ಮರಿನ ಎರಡು ಸುತ್ತುಗಳಂತೆ ವರ್ತಿಸುತ್ತವೆ. ದೂರ ಸರಿದಂತೆ ಕಾಂತಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಸಿಯುತ್ತದೆ. ಎರಡು ಪಟ್ಟು ದೂರಕ್ಕೆ ಎಂಟನೆಯ ಒಂದು ಪಾಲು. ಹಾಗಾಗಿ ಕಾರ್ಡನ್ನು ಹತ್ತಿರ ಹಿಡಿಯಲೇಬೇಕು.

ಕಾರಿನ ಚೀಟಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಭಾರತದಲ್ಲಿ 2005ರಲ್ಲಿ ಈ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಇದರ ತರಂಗದೂರ ಸುಮಾರು 35 ಸೆಂಟಿಮೀಟರ್. ಇಲ್ಲಿ ಶಕ್ತಿ ನಿಜವಾದ ತರಂಗವಾಗಿ ಹೊರಟು, ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಒಂದು ಲೆಕ್ಕ ಮಾಡೋಣ. ಆಂಟೆನಾ ಚೀಟಿಯ ದಿಕ್ಕಿಗೆ ಹೊರಸೂಸುವ ಪರಿಣಾಮಕಾರಿ ಸಾಮರ್ಥ್ಯ 4 ವಾಟ್ ಎಂದಿಟ್ಟುಕೊಳ್ಳಿ. 5 ಮೀಟರ್ ತ್ರಿಜ್ಯದ ಗೋಲದ ಮೇಲ್ಮೈ ಸುಮಾರು 314 ಚದರ ಮೀಟರ್. ಅಂದರೆ ಅಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 13 ಮಿಲಿವಾಟ್. ಸರಳ ದ್ವಿಧ್ರುವ ಆಂಟೆನಾ ಈ ಆವೃತ್ತಿಯಲ್ಲಿ ಸುಮಾರು 0.016 ಚದರ ಮೀಟರ್‌ನಷ್ಟು ಜಾಗದ ಶಕ್ತಿಯನ್ನು ಹಿಡಿಯಬಲ್ಲದು. ಚೀಟಿಗೆ ದಕ್ಕಿದ್ದು ಸುಮಾರು 0.2 ಮಿಲಿವಾಟ್, ಎಂದರೆ 200 ಮೈಕ್ರೋವಾಟ್. ಇಂದಿನ ಚಿಪ್ ಎಚ್ಚರಗೊಳ್ಳಲು ಇಪ್ಪತ್ತು ಮೈಕ್ರೋವಾಟ್‌ಗಿಂತಲೂ ಕಡಿಮೆ ಸಾಕು. ಗಾಜಿನಲ್ಲಿ, ಆಂಟೆನಾದ ಓರೆಯಲ್ಲಿ ಒಂದಷ್ಟು ನಷ್ಟವಾದರೂ ಕೆಲಸ ನಡೆಯುತ್ತದೆ. ಶಾಖ ತಡೆಯಲು ಗಾಜಿಗೆ ಲೋಹದ ಲೇಪವಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ಅಂಥ ಕಾರುಗಳಲ್ಲಿ ಲೇಪವಿಲ್ಲದ ಕಿಂಡಿಯ ಹಿಂದೆಯೇ ಚೀಟಿ ಅಂಟಿಸಬೇಕು.

ಎಚ್ಚರಗೊಂಡ ಚಿಪ್ ತನ್ನ ಆಂಟೆನಾದ ಹೊರೆಯನ್ನು ಬದಲಿಸುತ್ತ, ಬಂದ ತರಂಗವನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಚದರಿಸುತ್ತದೆ. ಆ ಏರಿಳಿತವೇ ಒಂದು ಮತ್ತು ಸೊನ್ನೆ. ಗೋಡೆಯ ಮೇಲಿನ ರಾಜಮುದ್ರೆ ಮಾಡಿದ್ದನ್ನೇ ನಮ್ಮ ಕಾರಿನ ಚೀಟಿ ಮಾಡುತ್ತಿದೆ.

ಕರ್ನಾಟಕದ ರಸ್ತೆಗೆ

ನಾರ್ವೆಯ ಓಲೆಸುಂಡ್‌ನಲ್ಲಿ 1987ರಲ್ಲೇ ವಿದ್ಯುನ್ಮಾನ ಸುಂಕ ವಸೂಲಿ ಆರಂಭವಾಗಿತ್ತು. ಭಾರತ ಯಾವ ತಂತ್ರವನ್ನು ಆರಿಸಬೇಕು ಎಂದು ಹೇಳಲು ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗೆ ಬೆಂಗಳೂರಿನವರಾದ ನಂದನ್ ನಿಲೇಕಣಿ ಅಧ್ಯಕ್ಷರಾಗಿದ್ದರು. ಬ್ಯಾಟರಿಯಿಲ್ಲದ ಚೀಟಿಯೇ ಸೂಕ್ತ ಎಂದು ಆ ಸಮಿತಿ 2010ರಲ್ಲಿ ಶಿಫಾರಸು ಮಾಡಿತು. ಬ್ಯಾಟರಿಯಿಲ್ಲದ್ದರಿಂದ ಬೆಲೆ ಕಡಿಮೆ, ಬಾಳಿಕೆ ಹೆಚ್ಚು. 2014ರಲ್ಲಿ ಅಹಮದಾಬಾದ್–ಮುಂಬೈ ಮಾರ್ಗದಲ್ಲಿ ಫಾಸ್ಟ್ಯಾಗ್ ಪ್ರಾಯೋಗಿಕವಾಗಿ ಬಂತು. 2017ರ ಡಿಸೆಂಬರ್‌ನಿಂದ ಹೊಸ ನಾಲ್ಕು ಚಕ್ರದ ವಾಹನಗಳು ಚೀಟಿಯೊಂದಿಗೇ ಬರತೊಡಗಿದವು. 2021ರ ಫೆಬ್ರವರಿ ಮಧ್ಯದಿಂದ ರಾಷ್ಟ್ರೀಯ ಹೆದ್ದಾರಿಯ ಸುಂಕದ ಗೇಟುಗಳಲ್ಲಿ ಅದು ಕಡ್ಡಾಯವಾಯಿತು. ಚೀಟಿಯಿಲ್ಲದವರು ಎರಡು ಪಟ್ಟು ಕಟ್ಟಬೇಕಾಯಿತು.

ಇದರ ಪರಿಣಾಮ ವಸತಿ ಸಮುಚ್ಚಯಗಳ ಮೇಲೂ ಆಯಿತು. ಚೀಟಿಯ ಮಾನಕ ಎಲ್ಲರಿಗೂ ತೆರೆದದ್ದು. ಅದೇ ಮಾನಕದ ಓದುಯಂತ್ರವನ್ನು ಗೇಟಿಗೆ ಹಾಕಿದರೆ ಕಾರಿನಲ್ಲಿ ಆಗಲೇ ಇರುವ ಫಾಸ್ಟ್ಯಾಗ್‌ನ ಸಂಖ್ಯೆಯನ್ನೇ ಓದಬಹುದು. ಹಣದ ಖಾತೆಯನ್ನು ಅದು ಮುಟ್ಟುವುದಿಲ್ಲ. ಸಂಖ್ಯೆ ಪಟ್ಟಿಯಲ್ಲಿದೆಯೇ ಎಂದಷ್ಟೇ ನೋಡುತ್ತದೆ. ಆದರೆ ಇಲ್ಲಿ ಯೋಚಿಸಬೇಕಾದ ಒಂದು ಅಂಶವಿದೆ. ನಿಮ್ಮ ಗೇಟು ಓದಬಲ್ಲದ್ದನ್ನು ರಸ್ತೆಬದಿಯ ಇನ್ನಾವುದೇ ಯಂತ್ರವೂ ಓದಬಲ್ಲದು.

ಹೇಳುವುದು ಬೇರೆ, ಉತ್ತರಿಸುವುದು ಬೇರೆ

125 ಕಿಲೋಹರ್ಟ್ಸ್‌ನ ಸಾಮಾನ್ಯ ಕಾರ್ಡು ಶಕ್ತಿ ಸಿಕ್ಕ ಕೂಡಲೇ ತನ್ನ ಸಂಖ್ಯೆಯನ್ನು ಕೂಗುತ್ತದೆ. ಕೇಳಿದವರು ಯಾರೆಂದು ನೋಡುವುದಿಲ್ಲ. ಓದುಯಂತ್ರದಿಂದ ನಿಯಂತ್ರಕಕ್ಕೆ ಸಂಖ್ಯೆಯನ್ನು ಸಾಗಿಸುವ ವೀಗಂಡ್ ವಿಧಾನದ ಹಳೆಯ ರೂಪದಲ್ಲಿ 26 ಬಿಟ್‌ಗಳಿವೆ. ಅದರಲ್ಲಿ 8 ಬಿಟ್ ಸ್ಥಳಕ್ಕೆ, 16 ಬಿಟ್ ಕಾರ್ಡಿಗೆ, 2 ಬಿಟ್ ತಪ್ಪು ಪತ್ತೆಗೆ. ಅಂದರೆ ಒಂದು ಸ್ಥಳಸಂಖ್ಯೆಯ ಅಡಿಯಲ್ಲಿ ಹೆಚ್ಚೆಂದರೆ 65,536 ಕಾರ್ಡುಗಳು. ಕೇಳಿಸಿಕೊಂಡ ಸಂಖ್ಯೆಯನ್ನು ಖಾಲಿ ಕಾರ್ಡಿಗೆ ಬರೆದರೆ ನಕಲು ಸಿದ್ಧ. ಬೀಗದ ಕೈಯ ನಕಲಿಗೆ ಅಂಗಡಿಗೆ ಹೋಗಬೇಕಿತ್ತು. ಇದಕ್ಕೆ ಪಕ್ಕದಲ್ಲಿ ಹಾದುಹೋದರೆ ಸಾಕು.

ಇದಕ್ಕೆ ಪರಿಹಾರ ಪ್ರಶ್ನೋತ್ತರ. ಗೇಟು ಪ್ರತಿ ಸಲವೂ ಹೊಸದೊಂದು ಯಾದೃಚ್ಛಿಕ ಸಂಖ್ಯೆಯನ್ನು ಪ್ರಶ್ನೆಯಾಗಿ ಕೊಡುತ್ತದೆ. ಕಾರ್ಡು ತನ್ನೊಳಗಿನ ರಹಸ್ಯ ಸಂಖ್ಯೆಯನ್ನು ಬಳಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ರಹಸ್ಯವನ್ನು ಮಾತ್ರ ಹೊರಗೆಡವುವುದಿಲ್ಲ. ಇಂದಿನ ಉತ್ತರವನ್ನು ಕದ್ದು ಕೇಳಿದವನಿಗೆ ನಾಳೆಯ ಪ್ರಶ್ನೆಗೆ ಅದು ಉಪಯೋಗಕ್ಕೆ ಬಾರದು.

ಆದರೆ ಲೆಕ್ಕದ ವಿಧಾನವೂ ಗಟ್ಟಿಯಿರಬೇಕು. 1994ರಲ್ಲಿ ಬಂದ ಮೈಫೇರ್ ಕ್ಲಾಸಿಕ್ ಕಾರ್ಡು ಪ್ರಶ್ನೋತ್ತರ ಬಲ್ಲದ್ದಾಗಿತ್ತು. ರಹಸ್ಯ ಸಂಖ್ಯೆ 48 ಬಿಟ್‌ನದು. ಲೆಕ್ಕದ ವಿಧಾನವನ್ನು ತಯಾರಕರು ಗುಟ್ಟಾಗಿಟ್ಟಿದ್ದರು. 2007ರ ಕೊನೆಯಲ್ಲಿ ಸಂಶೋಧಕರು ಚಿಪ್‌ನ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಮಂಡಲವನ್ನು ಬಿಡಿಸಿದರು. 2008ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಗೂಢಲಿಪಿಯ ದೌರ್ಬಲ್ಯಗಳನ್ನು ತೋರಿಸಿದರು. ಪ್ರಕಟಣೆಯನ್ನು ತಡೆಯಲು ತಯಾರಕ ಕಂಪನಿ ಎನ್‌ಎಕ್ಸ್‌ಪಿ ನ್ಯಾಯಾಲಯಕ್ಕೆ ಹೋಯಿತು, ನ್ಯಾಯಾಲಯ ಒಪ್ಪಲಿಲ್ಲ. ವಿಧಾನ ಶತ್ರುವಿಗೆ ತಿಳಿದರೂ ವ್ಯವಸ್ಥೆ ಕೆಡಬಾರದು, ಗುಟ್ಟು ಕೀಲಿಯಲ್ಲಿ ಮಾತ್ರ ಇರಬೇಕು ಎಂದು ಆಗಸ್ಟ್ ಕರ್ಕ್‌ಹಾಫ್ಸ್ 1883ರಲ್ಲೇ ಹೇಳಿದ್ದ. ಬ್ರಾಮನ ಬೀಗದ ಕಥೆ ಮತ್ತೊಮ್ಮೆ ನಡೆಯಿತು. ಅದಾದ ಮೇಲೆ ಬಂದ ಕಾರ್ಡುಗಳು ಬಹಿರಂಗವಾಗಿ ಪರೀಕ್ಷೆಗೊಳಗಾದ ಗೂಢಲಿಪಿಗಳನ್ನು ಬಳಸುತ್ತವೆ. ದೂರದಿಂದ ಓದುವ ಚೀಟಿಗಳ ಮಾನಕಕ್ಕೂ 2013ರಲ್ಲಿ ಪ್ರಶ್ನೋತ್ತರದ ಐಚ್ಛಿಕ ಸೌಲಭ್ಯ ಸೇರಿತು.

ಪಟ್ಟಿ ಯಾರ ಕೈಯಲ್ಲಿ?

ಮೇಲೆ ನೆನಪಿನಲ್ಲಿಡಲು ಹೇಳಿದ ಮಾತಿಗೆ ಈಗ ಬರೋಣ. ವಿದ್ಯುನ್ಮಾನ ಗೇಟಿನ ಬಲವೆಲ್ಲ ಇರುವುದು ಪಟ್ಟಿಯಲ್ಲಿ. ಪಟ್ಟಿಯಿದ್ದ ಕಡೆ ದಾಖಲೆಯೂ ಬೆಳೆಯುತ್ತದೆ. ಯಾವ ಸಂಖ್ಯೆ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೋಯಿತು ಎಂಬುದು ಸಾಲುಸಾಲಾಗಿ ಸೇರುತ್ತದೆ. ಬ್ರಿಟನ್ನಿನಲ್ಲಿ 1976ರಲ್ಲಿ ರೂಪುಗೊಂಡ, ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಇಂದು ನಮ್ಮ ನಗರಗಳ ಗೇಟುಗಳಿಗೂ ಬಂದಿದೆ. ಅದಕ್ಕೆ ಚೀಟಿಯೂ ಬೇಡ. ಬೀಗಕ್ಕೆ ನೆನಪಿರಲಿಲ್ಲ. ಈ ಗೇಟಿಗೆ ನೆನಪಿದೆ.

ಒಂದು ಮನೆಯವರು ಯಾವ ಹೊತ್ತಿನಲ್ಲಿ ಊರಲ್ಲಿರುವುದಿಲ್ಲ, ಯಾರ ಮನೆಗೆ ಯಾರು ಬಂದರು, ಮನೆಗೆಲಸದವರು ಎಷ್ಟು ನಿಮಿಷ ತಡವಾದರು ಎಂಬುದೆಲ್ಲ ಆ ಸಾಲುಗಳಲ್ಲಿದೆ. ಗಮನಿಸಿ: ನಿವಾಸಿ ಒಂದು ಸಂಖ್ಯೆಯಷ್ಟನ್ನೇ ಹೇಳಿ ಒಳಗೆ ಹೋಗುತ್ತಾನೆ. ಮನೆಗೆಲಸದಾಕೆ, ಸಾಮಾನು ತಲುಪಿಸುವ ಹುಡುಗ, ವಿರೂಪಾಕ್ಷಿಪುರದಿಂದ ಬಂದ ನೆಂಟರು ತಮ್ಮ ಹೆಸರು, ಮೊಬೈಲ್ ಸಂಖ್ಯೆ, ಕೆಲವೆಡೆ ಮುಖದ ಚಿತ್ರವನ್ನೂ ಕೊಟ್ಟು ಹೋಗಬೇಕು. ಗೇಟಿನ ಮೇಲೆ ಯಾವ ಅಧಿಕಾರವೂ ಇಲ್ಲದವರೇ ಅದಕ್ಕೆ ಹೆಚ್ಚು ಮಾಹಿತಿ ಕೊಡುವವರು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ನೀಡಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಯನ್ನು ಮಾತ್ರ ಪಡೆಯಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬುದು ಆ ಕಾಯಿದೆಯ ತತ್ತ್ವ. ಭೌತವಿಜ್ಞಾನದ ಪ್ರಯೋಗಾಲಯದಲ್ಲೂ ನಾವು ಕಲಿಸುವುದು ಇದನ್ನೇ: ಬೇಕಾದದ್ದನ್ನು ಅಳೆಯಿರಿ, ಬೇಡದ್ದನ್ನು ಬರೆದುಕೊಳ್ಳಬೇಡಿ.

ನೀವು ವಾಸಿಸುವ ಅಥವಾ ಹೋಗಿಬರುವ ಸಮುಚ್ಚಯದ ಸಂಘದವರನ್ನು ನಾಲ್ಕು ಪ್ರಶ್ನೆ ಕೇಳಿ ನೋಡಿ. ಇಲ್ಲಿನ ಕಾರ್ಡು ಸಂಖ್ಯೆಯನ್ನು ಹೇಳುತ್ತದೆಯೋ, ಪ್ರಶ್ನೆಗೆ ಉತ್ತರಿಸುತ್ತದೆಯೋ? ವಿದ್ಯುತ್ ಹೋದಾಗ ಬಾಗಿಲು ತೆರೆದುಕೊಳ್ಳುತ್ತದೆಯೋ, ಮುಚ್ಚಿಕೊಳ್ಳುತ್ತದೆಯೋ? ಬಾಗಿಲನ್ನು ವಿದ್ಯುತ್ಕಾಂತ ಹಿಡಿದಿದ್ದರೆ ಪ್ರವಾಹ ನಿಂತೊಡನೆ ಅದು ಬಿಟ್ಟುಕೊಡುತ್ತದೆ. ಬೆಂಕಿ ಬಿದ್ದ ಹೊತ್ತಿನಲ್ಲಿ ಜನ ಹೊರಬರಲು ಅದೇ ಬೇಕು. ಬಂದುಹೋದವರ ದಾಖಲೆ ಎಷ್ಟು ದಿನ ಉಳಿಯುತ್ತದೆ? ಅದನ್ನು ಯಾರು ಯಾರು ನೋಡಬಹುದು? ಉತ್ತರ ಸಿಕ್ಕದಿದ್ದರೆ ಅದೂ ಒಂದು ಉತ್ತರವೇ.

ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಬಳಕೆ ಮುಗಿದ ತೆಳು ಪ್ರವೇಶ ಕಾರ್ಡೊಂದನ್ನು ಪ್ರಬಲವಾದ ಟಾರ್ಚಿನ ಮುಂದೆ ಹಿಡಿದು ನೋಡಿ. ಹಲವು ಕಾರ್ಡುಗಳಲ್ಲಿ ಅಂಚಿನ ಸುತ್ತ ಸುರುಳಿಯ ಕಪ್ಪು ಗೆರೆಗಳು, ಒಂದೆಡೆ ಚಿಪ್‌ನ ಚುಕ್ಕೆ ಕಾಣುತ್ತವೆ. ಅಷ್ಟನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಕಾರ್ಡಿನ ಮೇಲೆ ಹೆಸರಿದ್ದರೂ ಗೇಟಿಗೆ ಅದು ಕಾಣದು. ಹಿಡಿದಿರುವ ಕೈ ಯಾರದೆಂದೂ ತಿಳಿಯದು. ಗೇಟು ಗುರುತಿಸುವುದು ಸಂಖ್ಯೆಯನ್ನು. ಆ ಸಂಖ್ಯೆಯ ಹಿಂದೆ ಇರುವ ಮನುಷ್ಯನನ್ನು ಗುರುತಿಸುವ ಹೊಣೆ ಈಗಲೂ ನಮ್ಮದೇ.